ರೀಪರ್‌ನಲ್ಲಿ ಅಕೂಸ್ಟಿಕ್ ಹಾಡಿನ ಮಿಕ್ಸಿಂಗ್: ಬೌರಾನ್‌ಗೂ ನಡೀತದೆ, ದಮ್ಮಡಿಗೂ ನಡೀತದೆ

ತೀರ್ಪು ಮೊದಲೇ ಹೇಳಿಬಿಡೋಣ. ಒಂದು ಕಂಠ, ನಾಲ್ಕೈದು ವಾದ್ಯ ಇರುವ ಅಕೂಸ್ಟಿಕ್ ಹಾಡನ್ನು ಮಿಕ್ಸ್ ಮಾಡುವವರಿಗೆ, ಅಂದರೆ ಬೇರೆ ಬೇರೆ ರೆಕಾರ್ಡ್ ಆದ ಸದ್ದುಗಳನ್ನು ಹದವಾಗಿ ಕೂಡಿಸುವವರಿಗೆ, ರೀಪರ್ ಎಂಬ ಕಂಪ್ಯೂಟರ್ ಸಾಫ್ಟ್‌ವೇರ್ ಸಾಕು, ಅದರ ಜೊತೆಗೇ ಬರುವ ಪ್ಲಗಿನ್‌ಗಳೂ (ಸದ್ದನ್ನು ತಿದ್ದುವ ಪುಟ್ಟ ಹತಾರಗಳು) ಸಾಕು. ರಿವರ್ಬ್ (ಜಾಗದ ಮಾರ್ದನಿ) ಒಂದರಲ್ಲಿ ಮಾತ್ರ ಅದು ಸೋಲುತ್ತದೆ, ಅದಕ್ಕೂ ಖರ್ಚಿಲ್ಲದ ದಾರಿ ಇದೆ. ಪ್ಲಗಿನ್‌ಗಳಿಗೆ ದುಡ್ಡು ಸುರಿಯುವ ಬದಲು ಒಂದು ಒಳ್ಳೆಯ ಹೆಡ್‌ಫೋನ್ ಕೊಂಡು, ಗೋಡೆಗೆ ನಾಲ್ಕು ದಪ್ಪ ಕೌದಿ ಇಳಿಬಿಟ್ಟರೆ ಹಾಡಿಗೆ ಹೆಚ್ಚು ಲಾಭ.

ರೀಪರ್ ಅಮೆರಿಕದ ಕಾಕೋಸ್ ಕಂಪನಿಯದು. ವಿನ್ಯಾಂಪ್ ಎಂಬ ಹಾಡು ನುಡಿಸುವ ಸಾಫ್ಟ್‌ವೇರ್ ಬರೆದ ಜಸ್ಟಿನ್ ಫ್ರಾಂಕೆಲ್ ಇದನ್ನೂ ಬರೆದವರು. ಮೊದಲ ಆವೃತ್ತಿ 2006ರಲ್ಲಿ ಬಂತು, 7ನೆಯದು 2023ರಲ್ಲಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. 60 ದಿನ ಪೂರ್ತಿ ಪುಕ್ಕಟೆ. ಆಮೇಲೆ 60 ಡಾಲರ್, ಅಂದರೆ ಸುಮಾರು 5 ಸಾವಿರ ರೂಪಾಯಿಯ ಆಸುಪಾಸು. ಸ್ವಂತಕ್ಕೆ ಬಳಸುವವರಿಗೂ ವರ್ಷದ ಒಟ್ಟು ವಹಿವಾಟು 20 ಸಾವಿರ ಡಾಲರ್ ಮೀರದ ಸಣ್ಣ ಸ್ಟುಡಿಯೋಗಳಿಗೂ ಇದೇ ದರ. ದೊಡ್ಡವರಿಗೆ 225 ಡಾಲರ್. 7ಕ್ಕೆಂದು ಕೊಂಡ ಲೈಸೆನ್ಸ್ 8.99ರವರೆಗೂ ನಡೆಯುತ್ತದೆ. 60 ದಿನ ಮುಗಿದ ಮೇಲೂ ಸಾಫ್ಟ್‌ವೇರ್ ನಿಲ್ಲುವುದಿಲ್ಲ, ತೆರೆದಾಗೊಮ್ಮೆ ನೆನಪಿಸುತ್ತದೆ ಅಷ್ಟೆ. ಹಾಗಂತ ವರ್ಷಗಟ್ಟಲೆ ಪುಕ್ಕಟೆ ಓಡಿಸುವುದು ಮರ್ಯಾದೆಯಲ್ಲ. ಹಣ ಕಟ್ಟುವ ಮೊದಲು ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಬ್ಯಾಂಕು ತಿರಸ್ಕರಿಸುತ್ತದೆ.

ಈ ವಿಮರ್ಶೆಗೆ ಒರೆಗಲ್ಲಾಗಿ ಇಟ್ಟುಕೊಂಡದ್ದು ಐರಿಷ್ ಜನಪದ ಹಾಡಿನ ಮೇಳ: ಕಂಠ, ಎರಡು ಮೈಕ್ ಇಟ್ಟ ಗಿಟಾರ್, ಫಿಡಲ್, ಟಿನ್ ವಿಸಲ್, ಬೌರಾನ್. ಕಲಬುರಗಿಯಲ್ಲಿ ಕೂತು ಐರ್ಲೆಂಡಿನ ಹಾಡು ಯಾಕೆ ಅನ್ನಬಹುದು. ತತ್ವಪದದ ಮೇಳಕ್ಕೂ ಇದಕ್ಕೂ ಕಟ್ಟು ಒಂದೇ. ಎರಡರಲ್ಲೂ ಹಾಡಿನ ಮಾತೇ ದೊಡ್ಡದು. ಒಂದೇ ಮಟ್ಟಿನಲ್ಲಿ ನುಡಿಯ ಮೇಲೆ ನುಡಿ ಬರುತ್ತದೆ. ಹಿಂದೆ ಒಂದು ಶ್ರುತಿ ಎಳೆದುಕೊಂಡೇ ಇರುತ್ತದೆ. ತಾಳಕ್ಕೆ ಒಂದು ಬಳೆಕಟ್ಟಿನ ಚರ್ಮವಾದ್ಯ. ಅಲ್ಲಿ ಮೇಕೆಯ ತೊಗಲಿನ ಬೌರಾನನ್ನು ಸಣ್ಣ ಕೋಲಿನಿಂದ ಬಾರಿಸುತ್ತಾರೆ, ಇಲ್ಲಿ ದಮ್ಮಡಿಯನ್ನು ಬೆರಳಿನಿಂದ. ಕೇಂಬ್ರಿಜ್ ಮ್ಯೂಸಿಕ್ ಟೆಕ್ನಾಲಜಿ ತಾಣದಲ್ಲಿ ಕಲಿಕೆಗೆಂದೇ ಇಟ್ಟಿರುವ ಉಚಿತ ಮಲ್ಟಿಟ್ರ್ಯಾಕ್‌ಗಳಲ್ಲಿ (ಪ್ರತಿ ವಾದ್ಯದ ಸದ್ದು ಬೇರೆ ಬೇರೆ ಇರುವ ರೆಕಾರ್ಡಿಂಗ್) ಅಕೂಸ್ಟಿಕ್ ವಿಭಾಗವೂ ಇದೆ. ಕಡಕೋಳ ಮಡಿವಾಳಪ್ಪನವರ ಪದಕ್ಕೆ ಕೈ ಹಾಕುವ ಮೊದಲು ಅಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಫೈಲ್‌ಗಳನ್ನು ಎಳೆದು ತಂದು ಬಿಟ್ಟರೆ ರೀಪರ್ ತಾನೇ ಟ್ರ್ಯಾಕ್ ಮಾಡಿಕೊಳ್ಳುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಸ್ಯಾಂಪಲ್ ರೇಟನ್ನು ಫೈಲ್‌ಗಳ ರೇಟಿಗೆ, ಸಾಮಾನ್ಯವಾಗಿ 48 ಕಿಲೋಹರ್ಟ್ಸ್‌ಗೆ, ಕಟ್ಟಿಹಾಕಿ. ಫೇಡರ್ (ಟ್ರ್ಯಾಕಿನ ಸದ್ದು ಏರಿಸಿ ಇಳಿಸುವ ಪಟ್ಟಿ) ಮುಟ್ಟುವ ಮೊದಲು ಪ್ರತಿ ಐಟಂನ, ಅಂದರೆ ಟ್ರ್ಯಾಕಿನ ಮೇಲಿನ ಪ್ರತಿ ಸದ್ದಿನ ತುಂಡಿನ, ಗೇನ್ (ಮೂಲ ಮಟ್ಟ) ಇಳಿಸಿ, ಪೀಕ್ ಸುಮಾರು ಮೈನಸ್ 10 ಡಿಬಿ, ಸರಾಸರಿ ಮೈನಸ್ 18ರ ಹತ್ತಿರ ಬರಲಿ. ಪ್ಯಾನ್ ಲಾ (ವಾದ್ಯವನ್ನು ಎಡ-ಬಲಕ್ಕೆ ಸರಿಸುವಾಗ ಮಟ್ಟ ಹೇಗೆ ಬದಲಾಗಬೇಕೆಂಬ ನಿಯಮ) ಎಷ್ಟಿದೆ ಎಂಬುದನ್ನೂ ಅಲ್ಲೇ ಸುಧಾರಿತ ಸೆಟ್ಟಿಂಗ್‌ನಲ್ಲಿ ನೋಡಿ. 0 ಇದ್ದರೆ ನಡುವಿನಲ್ಲಿದ್ದ ವಾದ್ಯವನ್ನು ಬದಿಗೆ ಸರಿಸಿದ ಕೂಡಲೇ ಅದು ಸಣ್ಣದಾದಂತೆ ಕೇಳುತ್ತದೆ. ಮೈನಸ್ 3 ಡಿಬಿಗೆ ಬದಲಿಸಿಕೊಳ್ಳುವುದಾದರೆ ಆರಂಭದಲ್ಲೇ ಮಾಡಬೇಕು, ಅರ್ಧ ಮಿಕ್ಸ್ ಆದ ಮೇಲೆ ಮಾಡಿದರೆ ಎಲ್ಲ ಲೆವೆಲ್ ಅಲುಗಾಡುತ್ತದೆ.

ಗಿಟಾರಿನ ಎರಡು ಮೈಕ್ ಬಹಳ ಮಂದಿ ಮುಗ್ಗರಿಸುವ ಜಾಗ. ಒಂದು ಮೈಕ್ 12ನೇ ಫ್ರೆಟ್ ಕಡೆ, ಇನ್ನೊಂದು ಬ್ರಿಡ್ಜ್ ಕಡೆ. ತಂತಿಯಿಂದ ಎರಡಕ್ಕೂ ಇರುವ ದೂರದಲ್ಲಿ 30 ಸೆಂಟಿಮೀಟರ್ ಫರಕು ಇದ್ದರೆ ಸದ್ದು ಎರಡನೆಯದಕ್ಕೆ 0.87 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಎರಡನ್ನೂ ಕೂಡಿಸಿದಾಗ 570 ಹರ್ಟ್ಸ್ ಆಸುಪಾಸಿನಲ್ಲಿ ದೊಡ್ಡ ಗುಂಡಿ ಬೀಳುತ್ತದೆ, ಅದರ ಮೂರು ಪಟ್ಟು, ಐದು ಪಟ್ಟು ಮೇಲೆ ಇನ್ನಷ್ಟು. ಗಿಟಾರ್ ಡಬ್ಬದಂತೆ ಕೇಳುವುದು ಇದರಿಂದಲೇ, ಇದನ್ನು ಈಕ್ಯೂನಿಂದ (ಬೇರೆ ಬೇರೆ ಕಂಪನದ ಸದ್ದನ್ನು ಏರಿಸಿ ಇಳಿಸುವ ಹತಾರದಿಂದ) ತುಂಬಲು ಹೋದರೆ ತುಂಬುವುದಿಲ್ಲ. ಮಾಸ್ಟರನ್ನು, ಅಂದರೆ ಎಲ್ಲ ಕೂಡಿದ ಕೊನೆಯ ಸದ್ದನ್ನು, ಮೊನೊಗೆ ಹಾಕಿ, ಒಂದು ಟ್ರ್ಯಾಕಿನ ಪೋಲಾರಿಟಿ (ಅಲೆಯನ್ನು ತಲೆಕೆಳಗು ಮಾಡುವ) ಬಟನ್ ಒತ್ತಿ. ಬುಡದ ಸದ್ದು ತುಂಬಿ ಬಂದರೆ ಹಾಗೇ ಬಿಡಿ, ತೆಳ್ಳಗಾದರೆ ಹಿಂದಕ್ಕೆ ಹಾಕಿ. ಆಮೇಲೆ ತಡವಾದ ಮೈಕಿನ ಐಟಂ ಅನ್ನು ಜೂಮ್ ಮಾಡಿ 42 ಸ್ಯಾಂಪಲ್‌ನಷ್ಟು ಹಿಂದಕ್ಕೆ ಸರಿಸಿ, ಇಲ್ಲವೆ ಟೈಮ್ ಅಡ್ಜಸ್ಟ್‌ಮೆಂಟ್ ಪ್ಲಗಿನ್ ಹಾಕಿ ಕಿವಿಯಿಂದ ತೀರ್ಮಾನಿಸಿ. (ಮೇ ತಿಂಗಳ 40 ಡಿಗ್ರಿಯಲ್ಲಿ ಸದ್ದು ಇನ್ನಷ್ಟು ಬೇಗ ಓಡುತ್ತದೆ, ಆದರೆ ಈ ದೂರಕ್ಕೆ ಒಂದೂವರೆ ಸ್ಯಾಂಪಲ್‌ನಷ್ಟೇ ವ್ಯತ್ಯಾಸ. ತಲೆ ಕೆಡಿಸಿಕೊಳ್ಳಬೇಡಿ.)

ರೀಪರ್‌ನ ಈಕ್ಯೂ ಆದ ರೀಈಕ್ಯೂ ಈ ಪೆಟ್ಟಿಗೆಯ ಅತ್ಯುತ್ತಮ ಹತಾರ. ನೋಡಲು ಏನೂ ಇಲ್ಲ, ಕೆಲಸಕ್ಕೆ ಮಸ್ತ್. ಬ್ಯಾಂಡ್ ಎಷ್ಟು ಬೇಕಾದರೂ ಸೇರಿಸಬಹುದು. ಒಂದೇ ತೊಡಕು: ಬ್ಯಾಂಡಿನ ಅಗಲವನ್ನು ಕ್ಯೂನಲ್ಲಿ (ಬ್ಯಾಂಡ್ ಎಷ್ಟು ಕಿರಿದು ಎಂಬ ಅಳತೆ) ಹೇಳದೆ ಆಕ್ಟೇವ್‌ನಲ್ಲಿ ಹೇಳುತ್ತದೆ. 1 ಆಕ್ಟೇವ್ ಅಂದರೆ ಕ್ಯೂ 1.4, ಮೂರನೇ ಒಂದು ಆಕ್ಟೇವ್ ಅಂದರೆ 4.3. ಈ ಎರಡು ನೆನಪಿದ್ದರೆ ಉಳಿದದ್ದು ಅಂದಾಜಿಗೆ ಸಿಗುತ್ತದೆ.

ಕೆಳಗಿನ ಸದ್ದು ಕತ್ತರಿಸುವಾಗ (ಹೈಪಾಸ್ ಅಂದರೆ ಇದೇ) ವಾದ್ಯದ ಅತಿ ತಗ್ಗಿನ ಸ್ವರ ಯಾವುದು ಎಂದು ತಿಳಿದಿರಬೇಕು. ಐರಿಷ್ ಹಾಡಿಗೆ ಗಿಟಾರನ್ನು ಬಹಳ ಸಲ ಡ್ಯಾಡ್‌ಗ್ಯಾಡ್ (ಆರು ತಂತಿಗಳು ಡಿ-ಎ-ಡಿ-ಜಿ-ಎ-ಡಿ) ಶ್ರುತಿಯಲ್ಲಿ ಕಟ್ಟುತ್ತಾರೆ, ದಪ್ಪ ತಂತಿ 73 ಹರ್ಟ್ಸ್‌ಗೆ ಇಳಿದಿರುತ್ತದೆ. ‘ಗಿಟಾರಿಗೆ 100ಕ್ಕೆ ಹೈಪಾಸ್’ ಎಂಬ ಬಾಯಿಪಾಠ ಇಲ್ಲಿ ನಡೆಯುವುದಿಲ್ಲ, 60ಕ್ಕೆ ನಿಲ್ಲಿಸಿ. ಫಿಡಲ್‌ನ ಕೆಳಗಿನ ತಂತಿ 196, ಆದ್ದರಿಂದ 150ರವರೆಗೆ ಕತ್ತರಿಸಬಹುದು. ಡಿ ಟಿನ್ ವಿಸಲ್ ಶುರುವಾಗುವುದೇ 587ರಿಂದ. 400ರ ಕೆಳಗೆ ಅದರ ಟ್ರ್ಯಾಕಿನಲ್ಲಿ ಇರುವುದೆಲ್ಲ ಕೋಣೆ, ಉಸಿರು, ಪಕ್ಕದವರ ಸದ್ದು. ಕಂಠಕ್ಕೆ 80ರಿಂದ 100. ಬೌರಾನ್‌ಗೆ 45ರ ಮೇಲೆ ಹೋಗಬೇಡಿ. ದಮ್ಮಡಿ ಚಿಕ್ಕದು, 100ಕ್ಕೆ ಕತ್ತರಿಸಿದರೂ ಕಳೆದುಕೊಳ್ಳುವುದು ಕಡಿಮೆ. ಹಾರ್ಮೋನಿಯಂಗೆ ಬಾರಿಸುವ ಸಪ್ತಕ ನೋಡಿ 100ರಿಂದ 120. ತಿದಿಯ ಗುದ್ದು ಅಲ್ಲಿಗೆ ಹೋಗುತ್ತದೆ.

ತೆಗೆಯುವುದು ಎಲ್ಲೆಲ್ಲಿ? ಗಿಟಾರಿನ ಹೊಟ್ಟೆ 180ರಿಂದ 250ರ ನಡುವೆ ಗುಂಯ್‌ಗುಡುತ್ತದೆ, 2-3 ಡಿಬಿ ಇಳಿಸಿ. ಕಂಠದ ಮಸುಕು 250ರಿಂದ 400. ಇದನ್ನು ಇಳಿಸುವ ಮೊದಲು ಕೋಣೆಯನ್ನು ನೋಡಿ: ನಮ್ಮ ಕಡೆ ಮನೆಗಳ ಶಹಾಬಾದ್ ಫರ್ಸಿ ನೆಲ, ಬರಿಗೋಡೆ, ಕಾಂಕ್ರೀಟ್ ಸೂರು ಮೂರೂ ಸದ್ದನ್ನು ವಾಪಸ್ ಒಗೆಯುತ್ತವೆ. ಹಾಗೆ ರೆಕಾರ್ಡ್ ಆದ ಕಂಠದಲ್ಲಿ 3 ಕಿಲೋಹರ್ಟ್ಸ್ ಏರಿಸಿದರೆ ಮಾತು ಸ್ಪಷ್ಟ ಆಗುವುದಿಲ್ಲ, ಕೋಣೆಯೇ ಮುಂದೆ ಬರುತ್ತದೆ. ನೆಲಕ್ಕೆ ಜಮಖಾನ, ಹಾಡುವವರ ಬೆನ್ನ ಹಿಂದೆ ಕೌದಿ, ಮೂಲೆಗೆ ಮಡಚಿಟ್ಟ ಗಾದಿ ಇದ್ದ ಟೇಕ್‌ಗೆ ಮಾತ್ರ ಈ ಏರಿಕೆ ಒಪ್ಪುತ್ತದೆ. ಫಿಡಲ್ ಕಿರುಚಿದರೆ 2.5ರಿಂದ 3.5 ಕಿಲೋಹರ್ಟ್ಸ್‌ನಲ್ಲಿ ಅಗಲವಾಗಿ 2 ಡಿಬಿ.

ವಿಸಲ್‌ಗೆ ಮಾತ್ರ ಸ್ಥಿರ ಈಕ್ಯೂ ಸಾಲದು. ಮೇಲಿನ ಸಪ್ತಕಕ್ಕೆ ಹೋಗಬೇಕಾದರೆ ಜೋರಾಗಿ ಊದಲೇಬೇಕು, ಹಾಗಾಗಿ ಕೆಳಗೆ ಮೆತ್ತಗಿದ್ದ ವಾದ್ಯ ಮೇಲೆ ಹೋದ ಕೂಡಲೇ ಕಿವಿ ಕೊರೆಯುತ್ತದೆ. ಸದ್ದನ್ನು ಬ್ಯಾಂಡ್‌ಗಳಾಗಿ ಸೀಳಿ ಜೋರಾದದ್ದನ್ನಷ್ಟೇ ತಗ್ಗಿಸುವ ರೀಎಕ್ಸ್‌ಕಾಂಪ್ ಹಾಕಿ, 2ರಿಂದ 4.5 ಕಿಲೋಹರ್ಟ್ಸ್‌ನ ಒಂದೇ ಬ್ಯಾಂಡ್ ಕೆಲಸ ಮಾಡುವಂತೆ ಬಿಟ್ಟು, ಉಳಿದವನ್ನು 1:1ಕ್ಕೆ ಇಡಿ. ರೇಶಿಯೋ (ತಗ್ಗಿಸುವ ಪ್ರಮಾಣ) 3:1, ಮೇಲಿನ ಸ್ವರಗಳಲ್ಲಿ ಮಾತ್ರ 4-5 ಡಿಬಿ ಇಳಿಯುವಂತೆ ತ್ರೆಶೋಲ್ಡ್ (ತಗ್ಗಿಸಲು ಶುರುವಾಗುವ ಮಟ್ಟ). ಇದೇ ಪ್ಲಗಿನ್ನನ್ನು 6ರಿಂದ 8 ಕಿಲೋಹರ್ಟ್ಸ್‌ಗೆ ಒಯ್ದರೆ ಕಂಠದ ‘ಸ’, ‘ಶ’ಗಳ ಸೀಟಿ ಅಡಗುತ್ತದೆ. ದಮ್ಮಡಿ ಜೊತೆಗಿನ ತಾಳದ ಚಣಚಣ ಕಂಠದ ಮೈಕಿಗೆ ನುಸುಳಿದ್ದರೆ ಈ ಉಪಾಯ ಕೈಕೊಡುತ್ತದೆ, ಪ್ರತಿ ತಾಳಕ್ಕೂ ಕಂಠ ಮಂಕಾಗುತ್ತದೆ. ಅದಕ್ಕೆ ಮದ್ದು ರೆಕಾರ್ಡಿಂಗ್‌ನಲ್ಲೇ: ತಾಳದವರನ್ನು ಮೈಕಿನ ಬೆನ್ನಿಗೆ ಕೂರಿಸಬೇಕು.

ಕಂಪ್ರೆಶನ್‌ಗೆ, ಅಂದರೆ ಜೋರು-ಮೆತ್ತಗಿನ ನಡುವಿನ ಅಂತರ ಕಿರಿದು ಮಾಡಲು, ರೀಕಾಂಪ್. ಕಂಠಕ್ಕೆ 2.5:1, ಅಟ್ಯಾಕ್ (ಹಿಡಿಯಲು ತೆಗೆದುಕೊಳ್ಳುವ ಸಮಯ) 15ರಿಂದ 20 ಮಿಲಿಸೆಕೆಂಡ್, ರಿಲೀಸ್ (ಬಿಡುವ ಸಮಯ) 120, ಗಟ್ಟಿ ಪದಗಳಲ್ಲಿ 3-4 ಡಿಬಿ ಇಳಿತ. ಅಟ್ಯಾಕನ್ನು 2-3ಕ್ಕೆ ಇಳಿಸಿದರೆ ವ್ಯಂಜನಗಳ ಮೊನೆ ಮುರಿಯುತ್ತದೆ, ಮಾತೇ ಮುಖ್ಯವಾದ ಹಾಡಿಗೆ ಅದು ಪೆಟ್ಟು. ವಿಸಲ್, ಫಿಡಲ್‌ನ ಕಟ್, ರೋಲ್‌ಗಳಿಗೂ ಇದೇ ಮಾತು. ನಮ್ಮ ಮುರ್ಕಿಯ ಹಾಗೆ ಅವು ಕ್ಷಣದಲ್ಲಿ ಬಂದು ಹೋಗುವಂಥವು, ವೇಗದ ಕಂಪ್ರೆಸರ್ ಅವನ್ನು ನುಂಗುತ್ತದೆ. ಎಲ್ಲ ವಾದ್ಯ ಕೂಡಿದ ಬಸ್‌ನಲ್ಲಿ 1.5:1ರಲ್ಲಿ ಒಂದೆರಡು ಡಿಬಿ ಹಿಡಿಯುವುದಾದರೆ, ಡಿಟೆಕ್ಟರಿನ (ಎಷ್ಟು ಜೋರಿದೆ ಎಂದು ಅಳೆಯುವ ಭಾಗದ) ಹೈಪಾಸನ್ನು 120ಕ್ಕೆ ಇಡಿ. ಇಲ್ಲದಿದ್ದರೆ ಬೌರಾನಿನ ಪ್ರತಿ ಏಟಿಗೂ ಇಡೀ ಹಾಡು ತಲೆ ತಗ್ಗಿಸುತ್ತದೆ. ದುಬಾರಿ ಕಂಪ್ರೆಸರ್‌ಗಳಲ್ಲೂ ಎಲ್ಲದರಲ್ಲಿ ಸಿಗದ ಈ ಗುಂಡಿ ಇಲ್ಲಿ ಕಣ್ಣೆದುರೇ ಇದೆ.

ಆದರೂ ಕಂಠವನ್ನು ಹದಕ್ಕೆ ತರುವುದು ಕಂಪ್ರೆಸರ್ ಅಲ್ಲ, ಆಟೊಮೇಶನ್, ಅಂದರೆ ಹಾಡು ಓಡಿದಂತೆ ತಾನಾಗಿ ಏರಿಳಿಯುವಂತೆ ಬರೆದಿಟ್ಟ ಮಟ್ಟ. ರೀಪರ್‌ನಲ್ಲಿ ಎರಡು ಬಗೆಯ ವಾಲ್ಯೂಮ್ ಎನ್ವಲಪ್ (ಮಟ್ಟದ ಗೆರೆ) ಇದೆ: ಪ್ಲಗಿನ್‌ಗಳ ಮುಂಚಿನದು, ನಂತರದ್ದು. ಸಾಲಿನ ಕೊನೆಯಲ್ಲಿ ಬಿದ್ದುಹೋದ ಪದ ಎತ್ತಲು, ಕೂಗಿದ ಪದ ಇಳಿಸಲು ಮುಂಚಿನದನ್ನು ಬಳಸಿ, ಆಗ ಕಂಪ್ರೆಸರಿಗೆ ಸಮನಾದ ಸದ್ದು ಸಿಗುತ್ತದೆ. ನುಡಿಯಿಂದ ನುಡಿಗೆ ಕಂಠ ಮುಂದೆ ಬರಬೇಕಾದರೆ ನಂತರದ್ದು. ಐರಿಷ್ ಬ್ಯಾಲಡ್ ಆಗಲಿ, ತತ್ವಪದ ಆಗಲಿ, ಆರೇಳು ನುಡಿ ಒಂದೇ ಮಟ್ಟಿನಲ್ಲಿ ಹೋಗುವಾಗ ಮಿಕ್ಸ್ ಕದಲದೆ ನಿಂತರೆ ಕೇಳುವವರು ನಾಲ್ಕನೇ ನುಡಿಗೆ ಎದ್ದು ಹೋಗುತ್ತಾರೆ. ಮೊದಲ ನುಡಿಗೆ ಗಿಟಾರ್ ಒಂದೇ ಬಿಡಿ, ಫಿಡಲ್ ಎರಡನೆಯದಕ್ಕೆ, ಬೌರಾನ್ ಮೂರನೆಯದಕ್ಕೆ. ಸದ್ದು ಇಳಿಸುವುದಲ್ಲ, ಪೂರ್ತಿ ಮ್ಯೂಟ್. ನಮ್ಮಲ್ಲಾದರೆ ಪಲ್ಲಕ್ಕೆ ಕೋರಸ್ ಅಗಲವಾಗಲಿ, ನುಡಿಗೆ ಏಕತಾರಿ, ದಮ್ಮಡಿ ಸಾಕು.

ಶ್ರುತಿ ತಿದ್ದುವ ರೀಟ್ಯೂನ್ ಇದೆ, ಮುಟ್ಟಬೇಡಿ. ವಾದ್ಯವಿಲ್ಲದೆ ಬಿಡಿಲಯದಲ್ಲಿ ಹಾಡುವ ಶಾನ್ ನೋಸ್ ಶೈಲಿಯ ಜಾರುಗಳನ್ನೂ ನಮ್ಮ ಪದಗಾರರ ಎಳೆತಗಳನ್ನೂ ಅದು ಮೆಟ್ಟಿಲು ಮಾಡಿಬಿಡುತ್ತದೆ. ಗ್ರಿಡ್ (ತಾಳದ ಗೆರೆಗಳು) ಕೂಡ ಆಫ್ ಮಾಡಿ, ಕ್ಲಿಕ್ (ಲಯ ತೋರುವ ಟಕ್ ಟಕ್ ಸದ್ದು) ಇಲ್ಲದೆ ಹಾಡಿದ್ದಕ್ಕೆ ಅದರಿಂದ ಉಪಯೋಗವಿಲ್ಲ.

ಗದ್ದಲದ ವಿಷಯ ನಮ್ಮ ಜಿಲ್ಲೆಗಳಿಗೆ ವಿಶೇಷ. ಬೇಸಿಗೆಯಲ್ಲಿ ಕೂಲರ್ ನಿಲ್ಲಿಸಿ ಹಾಡಿಸುವುದು ಹಾಡುವವರಿಗೆ ಶಿಕ್ಷೆ, ಓಡಿಸಿದರೆ ಟ್ರ್ಯಾಕಿಗೆ ಶಿಕ್ಷೆ. ರೀಫಿರ್‌ನ ಸಬ್‌ಟ್ರ್ಯಾಕ್ಟ್ ಮೋಡ್ ಸಮನಾಗಿ ಹರಿಯುವ ಸದ್ದನ್ನು ಕಳೆಯುತ್ತದೆ. ಹಾಡು ಶುರುವಾಗುವ ಮುಂಚಿನ ಒಂದೆರಡು ಸೆಕೆಂಡ್ ಬರಿ ಗದ್ದಲವನ್ನು ಆಯ್ದು ಲೂಪ್ ಹಾಕಿ, ನಾಯ್ಸ್ ಪ್ರೊಫೈಲ್ ಕಟ್ಟುವ ಚೌಕಕ್ಕೆ ಟಿಕ್ ಹಾಕಿ ನುಡಿಸಿ, ಟಿಕ್ ತೆಗೆದು ಆಮೇಲೆ ಹಾಡು ನುಡಿಸಿ. ಟಿಕ್ ತೆಗೆಯಲು ಮರೆತರೆ ಹಾಡನ್ನೂ ಗದ್ದಲ ಅಂದುಕೊಂಡು ತಿನ್ನುತ್ತ ಹೋಗುತ್ತದೆ, ‘ರೀಫಿರ್ ಕೆಟ್ಟದು’ ಎನ್ನುವ ದೂರುಗಳ ಹಿಂದೆ ಈ ಟಿಕ್ ಇರುವುದೇ ಹೆಚ್ಚು. ಫ್ಯಾನಿನಷ್ಟು ಗದ್ದಲಕ್ಕೆ ನಡೆಯುತ್ತದೆ. ಕೂಲರಿನ ಮಟ್ಟಕ್ಕೆ ಹೋದರೆ ಕಂಠ ನೀರಿನೊಳಗಿಂದ ಬಂದಂತಾಗುತ್ತದೆ. ಮುಂಜಾನೆ ಐದಕ್ಕೆ ರೆಕಾರ್ಡ್ ಮಾಡುವುದೇ ವಾಸಿ. ಆಟೋ ಹಾರ್ನ್, ಕುಕ್ಕರ್ ಸೀಟಿಯಂಥ ಒಂದು ಕ್ಷಣದ ಸದ್ದಿಗೆ ಐಟಂ ಮೇಲೆ ಸ್ಪೆಕ್ಟ್ರಲ್ ಎಡಿಟ್ ಹಾಕಿ ಆ ಪಟ್ಟಿಯನ್ನಷ್ಟೇ ತಗ್ಗಿಸಬಹುದು, ಇದು ಚೆನ್ನಾಗಿದೆ.

ಕರೆಂಟಿನ ಗುಂಯ್ ಬೇರೆ. ಅದು 50, 100, 150 ಹರ್ಟ್ಸ್‌ನಲ್ಲಿ ಕೂತಿರುತ್ತದೆ, ರೀಈಕ್ಯೂನ ನಾಚ್ (ಬಹಳ ಕಿರಿದಾದ ಕಡಿತ) ಹಾಕಿ ಕಿತ್ತರಾಯಿತು ಅನಿಸುತ್ತದೆ. ಡ್ಯಾಡ್‌ಗ್ಯಾಡ್ ಗಿಟಾರಿನ ನಡುವಿನ ಡಿ ತಂತಿ 146.8 ಹರ್ಟ್ಸ್. 150ಕ್ಕೆ 0.1 ಆಕ್ಟೇವ್ ಅಗಲದ ನಾಚ್ ಹಾಕಿದರೂ ಆ ತಂತಿ ಅದರೊಳಗೇ ಬೀಳುತ್ತದೆ, ಹಾಡಿನ ಷಡ್ಜವೇ ಸೊರಗುತ್ತದೆ. ಕಂಠಕ್ಕೆ ಹಾಕಿ, ಗಿಟಾರಿಗೆ ಬೇಡ. ಮೂಲದಲ್ಲೇ ತಡೆಯಿರಿ: ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಆಫ್ ಮಾಡಿ, ಮೈಕ್ ಕೇಬಲನ್ನು ಕರೆಂಟ್ ವೈರಿನ ಜೊತೆ ಸುತ್ತಬೇಡಿ.

ತೊಗಲಿನ ವಾದ್ಯಕ್ಕೆ ಹವಾಮಾನದ ಲೆಕ್ಕವೂ ಇದೆ. ಐರ್ಲೆಂಡಿನ ತೇವಕ್ಕೆ ಬೌರಾನ್ ಸಡಿಲಾಗುತ್ತದೆ, ನಮ್ಮ ಒಣ ಬಿಸಿಗೆ ದಮ್ಮಡಿ ಬಿಗಿಯುತ್ತ ಹೋಗುತ್ತದೆ. ಬೆಳಗ್ಗೆಯ ಟೇಕ್‌ಗೆ ಹೊಂದಿಸಿದ ಈಕ್ಯೂ ಮಧ್ಯಾಹ್ನದ ಟೇಕ್‌ಗೆ ಹೊಂದುವುದಿಲ್ಲ. ಎರಡು ಟೇಕ್ ಸೇರಿಸಿ ಹೊಲಿಯುವುದಾದರೆ ಪ್ಲಗಿನ್ನನ್ನು ಟ್ರ್ಯಾಕಿಗಲ್ಲ, ಟೇಕ್‌ಗೇ ಹಾಕಿ. ರೀಪರ್ ಇದಕ್ಕೆ ಬಿಡುತ್ತದೆ.

ಈಗ ರಿವರ್ಬ್. ರೀವರ್ಬೇಟ್ ತಗಡಿನ ಸದ್ದು ಮಾಡುತ್ತದೆ, ದಟ್ಟ ಹಾಡಿನಲ್ಲಿ ಮುಚ್ಚಿಹೋದೀತು, ಬರಿ ಕಂಠ-ಗಿಟಾರಿನಲ್ಲಿ ಬಯಲಾಗುತ್ತದೆ. ರೀವರ್ಬ್ ಬೇರೆ ಜಾತಿ: ಯಾವುದಾದರೂ ನಿಜವಾದ ಜಾಗದ ಇಂಪಲ್ಸ್ ರೆಸ್ಪಾನ್ಸ್ ಫೈಲ್ (ಆ ಜಾಗದ ಮಾರ್ದನಿಯ ಅಚ್ಚು) ಕೊಟ್ಟರೆ ಆ ಜಾಗದಲ್ಲಿ ಹಾಡಿದಂತೆ ಮಾಡುತ್ತದೆ. ಆದರೆ ಫೈಲ್ ನೀವೇ ತರಬೇಕು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಇಲ್ಲವೆ ತಯಾರಿಸಿಕೊಳ್ಳಬಹುದು. ಖಾಲಿ ಇರುವ ಫಂಕ್ಷನ್ ಹಾಲ್‌ಗೆ ಹೋಗಿ ಫ್ಯಾನೆಲ್ಲ ನಿಲ್ಲಿಸಿ, ವೇದಿಕೆಯ ಮೇಲೆ ದೊಡ್ಡ ಬಲೂನ್ ಒಡೆದು, ಐದಾರು ಮೀಟರ್ ದೂರದ ರೆಕಾರ್ಡರಿನಲ್ಲಿ ಹಿಡಿಯಿರಿ. ಗೇನ್ ಬಹಳ ಕಡಿಮೆ ಇರಲಿ, ಕ್ಲಿಪ್ ಆದ ಇಂಪಲ್ಸ್ ಯಾವ ಕೆಲಸಕ್ಕೂ ಬಾರದು. ಸಿಡಿದ ಕ್ಷಣಕ್ಕೆ ಸರಿಯಾಗಿ ಮುಂಭಾಗ ಕತ್ತರಿಸಿ, ಬಾಲವನ್ನು ಒಂದೂವರೆ ಸೆಕೆಂಡಿಗೆ ಫೇಡ್ ಮಾಡಿ, ವೇವ್ ಫೈಲಾಗಿ ಉಳಿಸಿ. (ಕಲಬುರಗಿ ಕೋಟೆಯ ಜಾಮಾ ಮಸೀದಿಯ ಗುಮ್ಮಟಗಳ ಕೆಳಗೆ ಬಲೂನ್ ಒಡೆಯುವ ಆಸೆ ಬಂದರೆ ಅದುಮಿಕೊಳ್ಳಿ, ಅದು ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ.)

ರಿವರ್ಬನ್ನು ಪ್ರತಿ ಟ್ರ್ಯಾಕಿಗೂ ಹಾಕದೆ ಬೇರೆ ಟ್ರ್ಯಾಕಿನಲ್ಲಿಟ್ಟು ಸೆಂಡ್ (ಪ್ರತಿ ಟ್ರ್ಯಾಕಿನ ಸದ್ದಿನ ಒಂದು ಪಾಲು) ಕಳಿಸಿ, ಡ್ರೈ (ರಿವರ್ಬ್ ಇಲ್ಲದ ಮೂಲ ಸದ್ದು) ಪೂರ್ತಿ ಶೂನ್ಯ. ಮುಂದೆ ಒಂದು ರೀಈಕ್ಯೂ: 250ರ ಕೆಳಗೆ, 6 ಕಿಲೋಹರ್ಟ್ಸ್ ಮೇಲೆ ಕತ್ತರಿಸಿ. ಕಂಠದ ರಿವರ್ಬ್ 30 ಮಿಲಿಸೆಕೆಂಡ್ ತಡವಾಗಿ ಶುರುವಾದರೆ ಮಾತು ಮುಂದೆ, ಹಾಲ್ ಹಿಂದೆ. ಬೌರಾನ್‌ಗೆ ತೀರ ಕಡಿಮೆ ಕಳಿಸಿ. ಎಷ್ಟು ಬೇಕು? ಸೆಂಡ್ ಮ್ಯೂಟ್ ಮಾಡಿದಾಗ ‘ಏನೋ ಹೋಯಿತು’ ಅನಿಸಬೇಕು, ಹಾಕಿದಾಗ ‘ರಿವರ್ಬ್ ಬಂತು’ ಅನಿಸಬಾರದು. ನಮ್ಮ ಕಡೆಯ ಭಕ್ತಿಗೀತೆ ರೆಕಾರ್ಡಿಂಗ್‌ಗಳಲ್ಲಿ ಇದರ ಹತ್ತು ಪಟ್ಟು ಎಕೋ ಸುರಿಯುವ ರೂಢಿ ಇದೆ, ಪದದ ಅರ್ಥ ಕೇಳಬೇಕಾದವರಿಗೆ ಅದು ಅನ್ಯಾಯ.

ಪ್ಯಾನಿಂಗ್ ಸರಳ: ಕಂಠ, ಬೌರಾನ್ ನಡುವೆ, ಗಿಟಾರಿನ ಎರಡು ಮೈಕ್ ಎಡ-ಬಲ 40ರಷ್ಟು, ಫಿಡಲ್ ಬಲಕ್ಕೆ 25, ವಿಸಲ್ ಎಡಕ್ಕೆ 25. ಬಹಳ ಮಂದಿ ಕೇಳುವುದು ಒಂದೇ ಸ್ಪೀಕರಿನ ಫೋನಿನಲ್ಲಿ, ಆದ್ದರಿಂದ ಮೊನೊದಲ್ಲಿ ಏನೂ ಮಾಯವಾಗುತ್ತಿಲ್ಲ ಎಂದು ನೋಡಿ.

ಕೊನೆಯ ಸದ್ದಿನ ಮಟ್ಟಕ್ಕೆ ರೀಪರ್ 7ರ ರೆಂಡರ್ ಕಿಟಕಿ ನಿಜಕ್ಕೂ ಉಪಕಾರಿ. ಡ್ರೈ ರನ್ ಕೊಟ್ಟರೆ ಫೈಲ್ ಮಾಡದೆಯೇ ಎಷ್ಟು ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಎಂಬ ಅಳತೆ) ಇದೆ ಹೇಳುತ್ತದೆ. ಯೂಟ್ಯೂಬ್ ಮೈನಸ್ 14ಕ್ಕಿಂತ ಜೋರಿದ್ದರೆ ತಗ್ಗಿಸುತ್ತದೆ, ಮೆತ್ತಗಿದ್ದರೆ ಏರಿಸುವುದಿಲ್ಲ. ಇಂಥ ಹಾಡಿಗೆ ಮೈನಸ್ 16 ಹಿತ, ಟ್ರೂ ಪೀಕ್ ಮೈನಸ್ 1. ಮೈನಸ್ 14ಕ್ಕೆ ತಳ್ಳಲು ಲಿಮಿಟರ್ (ಒಂದು ಮಟ್ಟ ಮೀರದಂತೆ ಸದ್ದನ್ನು ತಡೆಯುವ ಹತಾರ) 5-6 ಡಿಬಿ ಹಿಡಿಯಬೇಕಾಗಿ ಬಂದರೆ ದಮ್ಮಡಿಯ ಏಟು ಚಪ್ಪಟೆಯಾಗುತ್ತದೆ, ಬಿಟ್ಟುಬಿಡಿ. ಹಾಡಿದವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ.

ಇನ್ನು ದೂರುಗಳು. ತೆರೆದ ಕೂಡಲೇ ಖಾಲಿ ಪರದೆ, ಎಲ್ಲಿಂದ ಶುರು ಮಾಡಬೇಕು ಎಂಬ ಸುಳಿವೇ ಇಲ್ಲ. ಮೆನುಗಳು ಉದ್ದ, ಬಲ ಕ್ಲಿಕ್ಕಿನಲ್ಲಿ ಅಡಗಿದ ಆಯ್ಕೆಗಳು ನೂರಾರು. ಹಳೆಯ ಲ್ಯಾಪ್‌ಟಾಪಿನ ಚಿಕ್ಕ ಪರದೆಯಲ್ಲಿ ಪ್ಲಗಿನ್ ಕಿಟಕಿ ಅರ್ಧ ಹಾಡನ್ನು ಮುಚ್ಚುತ್ತದೆ. ಅಧಿಕೃತ ತಾಣದ ಕೆನ್ನಿ ಜಿಯೋಯಾ ವಿಡಿಯೋಗಳು ಒಳ್ಳೆಯವು, ಇಂಗ್ಲಿಷಿನಲ್ಲಿವೆ. ಅದೇ ಹಳೆಯ ಲ್ಯಾಪ್‌ಟಾಪಿನಲ್ಲಿ ಆರೇಳು ಟ್ರ್ಯಾಕ್ ತಡವರಿಸದೆ ಓಡುತ್ತದೆ ಎನ್ನುವುದನ್ನೂ ಹೇಳಬೇಕು. ಪೆನ್‌ಡ್ರೈವಿಗೆ ಪೋರ್ಟಬಲ್ ಇನ್‌ಸ್ಟಾಲ್ ಕೂಡ ಮಾಡಿಕೊಳ್ಳಬಹುದು.

ಕೊಂಡವರು ಮೊದಲ ದಿನವೇ ಪ್ರಿಫರೆನ್ಸ್‌ನಲ್ಲಿ ಐದು ನಿಮಿಷಕ್ಕೊಮ್ಮೆ ತಾನಾಗಿ ಬ್ಯಾಕಪ್ ಉಳಿಸುವುದನ್ನು ಆನ್ ಮಾಡಿ, ಸಮಯ ನಮೂದಿಸಿದ ಬೇರೆ ಫೈಲಾಗಿ. ಬೇಸಿಗೆಯಲ್ಲಿ ಕರೆಂಟ್ ಯಾವ ಹೊತ್ತಿಗೂ ಹೋಗಬಹುದು, ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ನಂಬಿ ಕೂರಬೇಡಿ.